ಕಾಟಾದ ಮಾತು ಗೇಟಿಗೆ ಮುಟ್ಟಲಿಲ್ಲ

ಸೇಡಂ ಕಡಿ ಒಂದು ಸಿಮೆಂಟ್ ಫ್ಯಾಕ್ಟರಿಯೊಳಗ ನಾ ಕಂಪ್ಯೂಟರ್ ಸೆಕ್ಷನ್ ನೋಡ್ಕೋತೀನಿ. ಏನ್ ಕೆಲಸ ಅಂತ ಮನ್ಯಾಗ ಕೇಳಿದ್ರ ಹೇಳೂದ ತ್ರಾಸ. ಲಾರಿ ತೂಗೋ ಕಾಟಾಕ್ಕ ಒಂದು ಸಾಫ್ಟ್‌ವೇರ್, ಗೇಟಿಗೆ ಇನ್ನೊಂದು, ಬಿಲ್ಲಿಗೆ ಮತ್ತೊಂದು. ಒಂದೊಂದನ್ನ ಒಬ್ಬೊಬ್ರು ತಮ್ಮ ತಮ್ಮ ಪದ್ಧತಿಯೊಳಗ ಕಟ್ಟ್ಯಾರ, ಒಂದರ ಮಾತು ಇನ್ನೊಂದಕ್ಕ ತಿಳಿಯಂಗಿಲ್ಲ. ನಡುವ ಕುಂತು ಎಲ್ಲಾದರ ಮಾತು ಎಲ್ಲಾದಕ್ಕೂ ಮುಟ್ಟಸ್ಲಿಕ್ಕೆ ಬೇರೆ ಸಾಫ್ಟ್‌ವೇರ್ ಅದ, ಅದಕ್ಕ ಸರ್ವಿಸ್ ಬಸ್ ಅಂತೀವಿ. ಸೇಡಂ ಬಜಾರದ ಅಂಗಡಿಯವ ಗಿರಾಕಿ ಮಾರಿ ನೋಡಿ ಕನ್ನಡ, ತೆಲುಗು, ಉರ್ದು ಮಾತಾಡ್ತಾನಲ್ಲ, ಅದರ ಕೆಲಸನೂ ಅಷ್ಟೇ.

ಹೋದ ವರ್ಷ ಹೆಡ್ ಆಫೀಸಿನವ್ರು ಹಳೀ ಬಸ್ ತೆಗದು ಹೊಸಾದು ಹಾಕಿದ್ರು. ಎಲ್ಲಾದರ ಕೂಡ ಹೊಂದ್ತದ ಅಂದ್ರು. ಕಾಟಾದ ಸಾಫ್ಟ್‌ವೇರ್ ಭಾಳ ಹಳೀದು, ಒಮ್ಮೆ ಪರೀಕ್ಷಾ ಮಾಡಿ ನೋಡ್ರಿ ಅಂತ ನಾ ಬಾಯಿ ಬಡ್ಕೊಂಡೆ. ಇಲ್ಲಿ ಕುಂತವನ ಮಾತಿಗೆ ಅಲ್ಲಿ ಯಾವ ಕಿಮ್ಮತ್ತು.

ಮರುದಿನ ಮಧ್ಯಾಹ್ನ ಹೊಸಾದು ಚಾಲೂ ಮಾಡಿದ್ರು. ಕಾಟಾ ಕಳಿಸಿದ ತೂಕ ಒಂದೂ ಹೊಸ ಬಸ್ ತೊಗೊಳ್ಳಿಲ್ಲ. ಕಾಟಾ ತನ್ನ ಗುರುತನ್ನ ಹಳೀ ಪದ್ಧತಿಯೊಳಗ ಬರದು ಕಳಸ್ತಿತ್ತು, ಇದಕ್ಕ ಹೊಸಾದೇ ಬೇಕಿತ್ತು. ತೂಕ ಬರಲಾರದ ಗೇಟಿನ ಅಡ್ಡಗಂಬ ಏಳಂಗಿಲ್ಲ. ತುಂಬಿದ ಲಾರಿಗೋಳು ಸಾಲು ಹಚ್ಚಿ ನಿಂತ್ವು.

ಶಹಾಬಾದದ ಡ್ರೈವರ್ ಒಬ್ಬ ನನ್ನ ಖೋಲಿಗೆ ಬಂದ. ನನ್ನ ವಯಸ್ಸಿನವನ.

"ಸಾಬ್, ನಮ್ಮ ಅಮ್ಮಿ ಹೋಗ್ಯಾಳ್ರಿ. ಸಂಜೀಮುಂದ ಅಸರ್ ನಮಾಜ್ ಆದಮ್ಯಾಲ ಮಣ್ಣು. ಒಮ್ಮೆ ಮಾರಿ ನೋಡ್ಬೇಕ್ರಿ, ನನ್ನ ಬಿಡಸ್ರಿ."

ನಮ್ಮಲ್ಲಿ ಗಾಡಿ ತಂದ ಡ್ರೈವರ್ ಗಾಡಿ ಜೋಡಿನೇ ಹೊರಗ ಹೋಗ್ಬೇಕು. ಬಿಟ್ಟು ಹೋಗ್ಬೇಕಂದ್ರ ಇನ್ನೊಬ್ಬ ಹೆಬ್ಬೆಟ್ಟು ಒತ್ತಿ ಆ ಗಾಡಿ ವಹಿಸ್ಕೋಬೇಕು, ಆವಾಗ ಮೊದಲಿನವನ ಫೋನಿಗೆ ಅನುಮತಿ ಮೆಸೇಜ್ ಬರ್ತದ. ಚಿಂಚೋಳಿ ಕಡಿಯ ಡ್ರೈವರ್ ಒಬ್ಬ, ಪಾಪ, ತಾನಾಗೇ ಬಂದು ಒತ್ತಿದ. ಆದ್ರ ಹೆಬ್ಬೆಟ್ಟೂ ಅದೇ ಬಸ್ಸಿನ ಮ್ಯಾಲ ಹೋಗ್ಬೇಕಲ್ಲ. ತೂಕದ ಹಿಂದ ಅದೂ ಸಿಕ್ಕೊಂಡು ಕುಂತಿತು.

ಹೆಡ್ ಆಫೀಸಿಗೆ ಫೋನ್ ಹಚ್ಚಿದೆ. ತಪ್ಪು ಕಾಟಾದವ್ರದು ಅಂದ್ರು. ಕಾಟಾ ಸಾಫ್ಟ್‌ವೇರಿನವ್ರಿಗೆ ಹಚ್ಚಿದೆ. ನಮ್ಮದು ಬರೋಬರಿ ಅದ, ಬಸ್ಸಿನವ್ರನ್ನ ಕೇಳ್ರಿ ಅಂದ್ರು. ಸಿಟ್ಟು ನೆತ್ತಿಗೇರಿತು. ಬಸ್ಸಿಗೆ ಕೈ ಹಚ್ಚೋ ಅಧಿಕಾರ ನನಗಿಲ್ಲ. ಸಿಕ್ಕೊಂಡ ಹೆಬ್ಬೆಟ್ಟನ್ನ ಮತ್ತೊಮ್ಮೆ ಕಳಿಸೋ ಗುಂಡಿ ಒಂದ ನನ್ನ ಕೈಯಾಗಿತ್ತು.

"ಆತೇನ್ರಿ?" ಅಂತಿದ್ದ ಶಹಾಬಾದದವ. ನಾ ಗುಂಡಿ ಒತ್ತತಿದ್ದೆ.

"ಆಗ್ಲಿಕತ್ತದ, ಕುಂದ್ರಿ."

ಅವ ಕುಂದ್ರಲಿಲ್ಲ. ಊರಿಂದ ಅವನ ತಮ್ಮ ಫೋನ್ ಮಾಡ್ತಿದ್ದ. "ಮೈ ತೊಳದ್ರಂತ್ರಿ," ಅಂದ. ಸ್ವಲ್ಪ ಹೊತ್ತಿಗೆ, "ಕಫನ್ ಬಟ್ಟಿ ಸುತ್ತಿದ್ರಂತ. ಆತೇನ್ರಿ?" ನಾ ಮತ್ತ ಒತ್ತಿದೆ. ಅವನ ಮಾರಿ ನೋಡೋ ಧೈರ್ಯ ಆಗ್ಲಿಲ್ಲ.

ಕಡೀಕ ಗೇಟಿನ ಜಮಾದಾರನೇ ಮರುಗಿದ. "ಕಂಬದ ಕೆಳಗ ಬಗ್ಗಿ ಹೋಗ್ರಿ. ನಾ ಏನೂ ನೋಡಿಲ್ಲ," ಅಂದ. ಡ್ರೈವರನ್ನ ನನ್ನ ಮೋಟರ್ ಸೈಕಲ್ ಮ್ಯಾಲ ಹಿಂದ ಕುಂದರ್ಸ್ಕೊಂಡು ಶಹಾಬಾದಕ್ಕ ಹೊಂಟೆ. ದಂಡೋತಿ ದಾಟೂದ್ರಾಗ ಅಸರ್ ಆಜಾನ್ ಕೇಳ್ತು. ಅವ ನನ್ನ ಹೆಗಲ ಮ್ಯಾಲಿದ್ದ ಕೈ ತೆಗದ.

ಚಿತ್ತಾಪುರ, ವಾಡಿ ದಾಟಿ ನಾವು ಹೋಗೂದ್ರಾಗ ಖಬರಸ್ತಾನದಾಗ ಮಣ್ಣು ಮುಚ್ಚಿ ಆಗಿತ್ತು. ಭಾಳ ಹೊತ್ತು ದಾರಿ ನೋಡಿದ್ವಿ ಅಂದ್ರು ಹಿರ್ಯಾರು. ಅವ ಹಸಿ ಮಣ್ಣಿನ ಮುಂದ ಕುಂತು ಹಿಡಿ ಮಣ್ಣು ಹಾಕಿದ. ನಾ ಗೋಡಿ ಬಾಜೂಕ ನಿಂತಿದ್ದೆ. ಅಳು ಬಂತು, ಅತ್ತೆ.

ಆಗ ಅವನ ಕಿಸೆದಾಗ ಫೋನ್ ಗುಂಯ್ ಅಂತು. ನಿಲ್ಲಲೇ ಇಲ್ಲ. ಅವ ತೆಗದು ನೋಡಿ ನನ್ನ ಕೈಯಾಗ ಕೊಟ್ಟ. ಹೆಡ್ ಆಫೀಸಿನವ್ರು ಅಷ್ಟೊತ್ತಿಗೆ ಹಳೀ ಬಸ್ ತಿರಗಿ ಹಾಕಿದ್ರು, ಸಿಕ್ಕೊಂಡದ್ದೆಲ್ಲಾ ಒಂದರ ಹಿಂದ ಒಂದು ಹೊಂಟಿತ್ತು. 'ನಿಮಗೆ ಹೊರಗೆ ಹೋಗಲು ಅನುಮತಿ ನೀಡಲಾಗಿದೆ.' ಮತ್ತ ಅದೇ. ಮತ್ತ ಅದೇ.

"ಇಷ್ಟ್ಯಾಕ ಬರ್ಲಿಕತ್ಯಾವ್ರಿ ಸಾಬ್?" ಅಂತ ಕೇಳಿದ.

"ನೀವು ಆತೇನ್ರಿ ಅಂದಾಗೆಲ್ಲಾ ಒಂದೊಂದು ಕಳಿಸಿದ್ದೆ," ಅಂದೆ.