ಅಜ್ಜಿ ಹೊಲಿದ ಸಂಚಿ

ಮಗಳ ಕೂಸಿಗೆ ಹಾಸಲು ಹಳೆಯ ಸೀರೆ ಕತ್ತರಿಸೋಣವೆಂದು ಟ್ರಂಕು ತೆಗೆದಿದ್ದೆ. ಕೈಗೆ ಸಿಕ್ಕಿದ್ದು ಅಜ್ಜಿಯ ಸಂಚಿ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಕಡ್ಡಿಪುಡಿಗೊಂದು ಅರೆಯಿರುವ ಬಟ್ಟೆಯ ಚೀಲ. ಇಷ್ಟು ವರ್ಷವಾದರೂ ಕಡ್ಡಿಪುಡಿಯ ಹೊಗೆಸೊಪ್ಪಿನ ಘಾಟು ಹೋಗಿಲ್ಲ ನೋಡಿ, ನನ್ನ ಬಾಯಲ್ಲಿ ನೀರೂರಿತು. ಮೊಮ್ಮಗು ಕಂಡ ಹೆಂಗಸಿಗೆ ಇದೆಲ್ಲ ಬೇಕಾ ಅನ್ನಬೇಡಿ. ಚಟಕ್ಕೆ ವಯಸ್ಸಿಲ್ಲ.

ನನ್ನ ತವರೂರು ಹೂಡಿ. ಈಗ ಅಪಾರ್ಟ್‌ಮೆಂಟು ನಿಂತಿರುವ ಕಡೆ ಆಗ ನಮ್ಮ ದ್ರಾಕ್ಷಿ ತೋಟವಿತ್ತು. ಅಲ್ಲಿ ಕಳೆ ಕೀಳುವ ಹೆಂಗಸರ ಜೊತೆ ಕೂತು ನಾನೂ ಕಡ್ಡಿಪುಡಿ ಕಲಿತಿದ್ದೆ. ಗಂಡನ ಮನೆಯಲ್ಲಿ ಬಾಯಿ ಕಟ್ಟಿಕೊಂಡಿದ್ದೆ. ತೊಂಬತ್ತನೇ ಇಸವಿಯ ಸುಮಾರಿಗೆ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದೆನಲ್ಲ, ಅಜ್ಜಿಯ ರಾಜ್ಯ ಶುರುವಾಯಿತು. ಬಾಣಂತಿ ಉಂಡಮೇಲೆ ವೀಳ್ಯ ಹಾಕಲೇಬೇಕು, ಇಲ್ಲದಿದ್ದರೆ ಉಂಡದ್ದು ಅರಗುವುದಿಲ್ಲ ಅನ್ನುವುದು ನಮ್ಮ ಕಡೆಯ ವಾಡಿಕೆ. ಅಜ್ಜಿಯೇ ಎಲೆ ಮಡಿಚಿ ನನ್ನ ಬಾಯಿಗಿಡುತ್ತಿದ್ದಳು. ಸುಣ್ಣ ಸವರಿದ ಬೆರಳು ತಾನಾಗಿ ಕಡ್ಡಿಪುಡಿಯ ಅರೆಗೆ ಹೋಗುತ್ತಿತ್ತು. ಬೇಡವೆನ್ನಲು ನನಗೇನು ಹುಚ್ಚೇ?

ಕೂಸಿಗೆ ಮಾತ್ರ ಕೋಳಿನಿದ್ದೆ. ಬೆಚ್ಚಿಬೀಳುವುದು, ಎರಡು ಗುಟುಕು ಕುಡಿದು ಮುಖ ತಿರುಗಿಸಿ ಅಳುವುದು. ಮೈ ಹಿಡಿಯಲೇ ಇಲ್ಲ. ದೃಷ್ಟಿಯೆಂದು ಮೆಣಸಿನಕಾಯಿ ಸುಟ್ಟರು. ನಿನ್ನ ಹಾಲೇ ಒಗ್ಗುತ್ತಿಲ್ಲ, ಡಬ್ಬಿ ಹಾಲು ಹಾಕೋಣ ಎಂದಳು ಅವ್ವ. ನನಗೋ ಕೂಸು ಉಳಿಯುವುದೋ ಇಲ್ಲವೋ ಎನ್ನುವ ಹೆದರಿಕೆ.

ತೂಕ ನೋಡಲು ಬಂದ ನರ್ಸಮ್ಮ ನನ್ನ ಕೆಂಪು ಬಾಯಿ ಕಂಡು, ಎಲೆಗೆ ಏನೇನು ಹಾಕುತ್ತೀರಿ ಎಂದು ಒಂದೊಂದಾಗಿ ಕೇಳಿದರು.

"ನೀನು ಅಗಿದಿದ್ದು ಹಾಲಲ್ಲಿ ಮಗೂಗೂ ಹೋಗುತ್ತಮ್ಮ. ಹಾಲು ನಿಲ್ಲಿಸ್ಬೇಡ, ಪುಡಿ ನಿಲ್ಸು," ಎಂದರು.

ಅಜ್ಜಿಗೆ ಮೈ ಉರಿಯಿತು. "ಬಾಯಾಗೆ ಪುಡಿ ಇಟ್ಕೊಂಡೇ ಏಳು ಮಕ್ಳಿಗೆ ಆಲು ಕೊಟ್ಟಿವ್ನಿ. ಏನಾಯ್ತು?"

ಏಳರಲ್ಲಿ ಉಳಿದದ್ದು ನಾಲ್ಕು. ಹೋದ ಮೂರೂ ಹಾಲು ಕುಡಿಯುತ್ತಿದ್ದ ಕೂಸುಗಳು. ಕಾರಣ ಏನೋ ಎಂತೋ, ಆ ಕಾಲದಲ್ಲಿ ಯಾರು ಕೇಳಿದರು? ಆದರೆ ತನ್ನ ಮಾತು ತನ್ನ ಕಿವಿಗೇ ಬಿದ್ದವಳಂತೆ ಅಜ್ಜಿ ಸಂಚಿ ಮಡಿಚಿ ಮಡಿಲಲ್ಲಿಟ್ಟುಕೊಂಡಳು.

ನರ್ಸಮ್ಮ ಹೋದಮೇಲೆ ಸೂಜಿ ದಾರ ತರಿಸಿ, ಸಂಚಿಯ ಕಡ್ಡಿಪುಡಿ ಅರೆಯ ಬಾಯಿಯನ್ನು ಪುಡಿ ಸಮೇತ ಹೊಲಿದುಬಿಟ್ಟಳು. "ಈ ಬೆರಳು ನನ್ ಮಾತು ಕೇಳಕಿಲ್ಲ ಕಣವ್ವಾ," ಎಂದಳು. ಬಾಣಂತಿಯ ಎದುರು ತಾನು ಅಗಿಯುತ್ತ ಕೂತರೆ ಅವಳ ಬಾಯಿ ಕಟ್ಟುವುದು ಹೇಗೆ, ಹಾಗಾಗಿ ಕೂಸು ಹಾಲು ಬಿಡುವವರೆಗೆ ತನಗೂ ಬೇಡವಂತೆ. ಆಮೇಲೆ ನಮ್ಮಿಬ್ಬರ ಸಿಡುಕು ಕೇಳಬೇಡಿ! ಸಾರಿಗೆ ಉಪ್ಪು ಹೆಚ್ಚೆಂದು ಅವಳು, ನೀರು ಬಿಸಿಯೆಂದು ನಾನು. ಮನೆಯವರು ನಮ್ಮ ತಂಟೆಗೇ ಬರುತ್ತಿರಲಿಲ್ಲ. ಕೆಲವು ದಿನ ಕಳೆದಮೇಲೆ ಒಂದು ಮಧ್ಯಾಹ್ನ ಕೂಸು ಹೊಟ್ಟೆತುಂಬ ಕುಡಿದು ಎದೆಯ ಮೇಲೇ ನಿದ್ದೆಹೋಯಿತು. ಅಜ್ಜಿ ಅದರ ಮುಖವನ್ನೇ ನೋಡುತ್ತ ಕೂತಿದ್ದಳು. ನಾನು ಅತ್ತುಬಿಟ್ಟೆ.

ಕೂಸು ಹಾಲು ಬಿಟ್ಟಿತು. ಇನ್ನೂ ಹೊಲಿಗೆ ಬಿಚ್ಚಲಿಲ್ಲವೇ ಎಂದು ಛೇಡಿಸಿದರೆ, "ಇನ್ನೊಂದು ಬಾಣಂತನ ಬತ್ತದಲ್ಲ, ಇರ್ಲಿ ಬುಡು," ಅನ್ನುವಳು. ನನ್ನ ಎರಡನೆಯದಾಯಿತು, ತಂಗಿಯದಾಯಿತು. ಅಜ್ಜಿಯೂ ಹೋದಳು. ಹೊಲಿಗೆ ಹಾಗೇ ಉಳಿಯಿತು.

ನಿಜ ಹೇಳುತ್ತೇನೆ, ಕತ್ತರಿ ಕೈಯಲ್ಲೇ ಇತ್ತು. ಬಿಚ್ಚಿ ಸುಮ್ಮನೆ ಮೂಸಿ ನೋಡೋಣ ಅಂದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ಮಗಳು, ಊಟವಾಯಿತು, ಎಲೆ ಮಡಿಚಿಕೊಡು ಎಂದು ಕೂಗಿದಳು. ಅಂದು ನಿದ್ದೆಯಿಲ್ಲದೆ ಅತ್ತ ಕೂಸೇ ಇಂದಿನ ಬಾಣಂತಿ. ಅವಳ ಡಾಕ್ಟರು ಅಡಿಕೆಯೂ ಬೇಡವೆಂದಿದ್ದಾರೆ; ಬರೀ ಎಲೆ, ಸುಣ್ಣ, ಒಂದಿಷ್ಟು ಸೋಂಪು. ಕತ್ತರಿ ಬಿಟ್ಟು ಸಂಚಿ ಹಿಡಿದು ಹೋದೆ. ಅವಳ ಪಕ್ಕ ಕೂತು ಎಲೆಗೆ ಸುಣ್ಣ ಸವರಿದೆ. ಬೆರಳು ತಾನಾಗಿ ಪಕ್ಕದ ಅರೆಗೆ ಹೋಯಿತು. ಅಜ್ಜಿಯ ಹೊಲಿಗೆ ತಡೆಯಿತು.