ನಲವತ್ತು ವಾಲ್ವ್‌ಗಳ ಪೂಜೆ

ನನ್ನ ಗಂಡನನ್ನು ಎಣ್ಣೆ ಉದ್ಯಮಿ ಎಂದು ಯಾರಾದರೂ ಪರಿಚಯಿಸಿದರೆ ಕೇಳಿದವರ ಕಣ್ಣು ಅಗಲವಾಗುತ್ತಿತ್ತು. ನಮ್ಮ ಹಿತ್ತಲಲ್ಲೇ ಒಂದು ಎಣ್ಣೆ ಬಾವಿ ಇದೆ ಎಂದುಕೊಳ್ಳುತ್ತಿದ್ದರೋ ಏನೋ. ನಿಜಕ್ಕೂ ಇವರಿಗಿದ್ದದ್ದು ಅಮೆರಿಕದ ಹ್ಯೂಸ್ಟನ್ನಿನ ಹೊರಗೆ, ಸೈಪ್ರೆಸ್ ಎಂಬ ಊರಿನ ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿ, ಒಂದು ತಗಡಿನ ಶೆಡ್. ಎಣ್ಣೆ ಬಾವಿಗಳಲ್ಲಿ ಸವೆದ ವಾಲ್ವ್‌ಗಳನ್ನು ತಂದು, ಬಿಚ್ಚಿ, ಸರಿಪಡಿಸಿ, ಪರೀಕ್ಷೆ ಮಾಡಿ ವಾಪಸು ಕಳಿಸುವುದು ಅವರ ಕಸುಬು. ವಾಲ್ವ್ ಎಂದರೆ ನಮ್ಮ ಮನೆಯ ನಲ್ಲಿಯ ದೊಡ್ಡಣ್ಣ, ಅಷ್ಟೇ. ಆದರೆ ಒಂದೊಂದನ್ನು ಎತ್ತಲು ಕ್ರೇನ್ ಬೇಕು.

ಸಂಜೆ ಆರಕ್ಕೆ ನಮ್ಮ ಗ್ಯಾರೇಜಿನ ಬಾಗಿಲು ಮೇಲೇಳುತ್ತಿತ್ತು. ಗ್ರೀಸ್ ಹತ್ತಿದ ಬಟ್ಟೆಯನ್ನು ಅಲ್ಲೇ ಬದಲಿಸಿ ಒಳಗೆ ಬರಬೇಕೆಂಬುದು ನನ್ನ ಕಾನೂನು. ಆರಕ್ಕೆ ಮನೆಯಲ್ಲಿರಬೇಕೆಂಬುದು ಅವರದೇ ಕಾನೂನು. ಬೇರೆ ಮಾಲೀಕರು ಗಿರಾಕಿಗಳ ಜೊತೆ ಗಾಲ್ಫ್ ಆಡುವ ಶನಿವಾರ, ಇವರು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಹಿಡಿದು ಆಸ್ಟಿನ್‌ಗೆ ಡ್ರೈವ್ ಮಾಡುತ್ತಿದ್ದರು. ಮಗಳು ಅಲ್ಲಿ ಕಾಲೇಜಿನಲ್ಲಿದ್ದಳು. ಅವಳು ಡಬ್ಬಿ ಇಸಿದುಕೊಂಡು, ಮುಂದಿನ ಸಲ ಈ ಕೊಳಕು ಟ್ರಕ್ಕನ್ನು ಸ್ವಲ್ಪ ದೂರ ನಿಲ್ಲಿಸಿ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಇವರು ನಗುನಗುತ್ತಾ ಎರಡು ಬೀದಿ ಆಚೆ ನಿಲ್ಲಿಸಿ ನಡೆದುಕೊಂಡು ಹೋಗುತ್ತಿದ್ದರು. ಭಾನುವಾರ ಶೆಡ್ಡಿಗೆ ಬೀಗ. ಅವತ್ತು ಮಂಡಕ್ಕಿ ಒಗ್ಗರಣೆ ಅವರೇ ಮಾಡುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಎಣ್ಣೆಯ ಬೆಲೆ ನೆಲಕಚ್ಚಿತು. ಬಾವಿಗಳು ನಿಂತವು. ಅಕ್ಕಪಕ್ಕದ ಶೆಡ್ಡುಗಳ ಮೇಲೆ ಬಾಡಿಗೆಗಿದೆ ಎಂಬ ಬೋರ್ಡುಗಳು ಬಿದ್ದವು. ನಮ್ಮಲ್ಲಿ ಹನ್ನೊಂದು ಜನ ಕೆಲಸಗಾರರಿದ್ದರು, ಒಬ್ಬರನ್ನೂ ಕಳಿಸಲು ಇವರಿಗೆ ಮನಸ್ಸಿರಲಿಲ್ಲ. ಅಂಥ ಹೊತ್ತಿನಲ್ಲಿ ಡಾಲಸ್‌ನ ಒಂದು ಕಂಪನಿ ನಲವತ್ತು ವಾಲ್ವ್‌ಗಳ ಕೆಲಸ ಕೊಟ್ಟಿತು. ಇವು ಪಾಸಾದರೆ ವರ್ಷವಿಡೀ ಕೆಲಸ ಕೊಡುತ್ತೇವೆ ಎಂದಿದ್ದರು. ಪಾಸಾಗದಿದ್ದರೆ ಶೆಡ್ ಮುಚ್ಚಿ ಮತ್ತೆ ಯಾರದೋ ಕೈಕೆಳಗೆ ನೌಕರಿಗೆ ಹೋಗಬೇಕು ಎಂದು ಇವರು ನನ್ನೆದುರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ನಲವತ್ತೂ ಸಿದ್ಧವಾಗಿ, ತೊಳೆದು ಒರೆಸಿ, ಎರಡೂ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿಸಿಕೊಂಡು ಸಾಲಾಗಿ ಕೂತಿದ್ದಾಗ ಆಯುಧ ಪೂಜೆ ಬಂತು. ಪ್ರತಿವರ್ಷ ಶೆಡ್ಡಿನ ಪೂಜೆ ನನ್ನದೇ. ಲೇತ್ ಯಂತ್ರಕ್ಕೆ, ಕ್ರೇನಿಗೆ, ಟ್ರಕ್ಕಿಗೆ ಅರಿಶಿನ ಕುಂಕುಮ, ಚಕ್ರದಡಿಗೆ ನಿಂಬೆಹಣ್ಣು. ಕೆಲಸಗಾರರು ಹೋಳಿಗೆಗಾಗಿ ಕಾದಿರುತ್ತಿದ್ದರು. ಆ ವರ್ಷ ವಾಲ್ವ್‌ಗಳಿಗೂ ಪೂಜೆ ಆಗಲೇಬೇಕು ಎಂದು ನನಗನಿಸಿತು. ಅರೆಬರೆ ಪೂಜೆ ನನಗೆ ಆಗಿಬರುವುದಿಲ್ಲ. ಪ್ಲಾಸ್ಟಿಕ್ ಮುಚ್ಚಳಕ್ಕೆ ಕುಂಕುಮವಿಟ್ಟರೆ ಅದು ಮುಚ್ಚಳದ ಪೂಜೆಯಾಯಿತೇ ಹೊರತು ವಾಲ್ವ್‌ನದಲ್ಲ. ಎಲ್ಲರೂ ಊಟಕ್ಕೆ ಕೂತಾಗ ನಾನೊಬ್ಬಳೇ ನಲವತ್ತೂ ಮುಚ್ಚಳ ತೆಗೆದೆ. ನೀರಲ್ಲಿ ಕಲಸಿದ ಕುಂಕುಮವನ್ನು ಉಕ್ಕಿನ ಮೈಗೇ ಹಚ್ಚಿದೆ, ಅಕ್ಷತೆ ಹಾಕಿದೆ, ಮತ್ತೆ ಮುಚ್ಚಿದೆ. ಅಚ್ಚುಕಟ್ಟಾಗಿ ಮಾಡಿದೆನೆಂದು ಹೆಮ್ಮೆಪಟ್ಟು ಮನೆಗೆ ಬಂದೆ.

ಮೂರು ದಿನದ ಮೇಲೆ ಡಾಲಸ್‌ನಿಂದ ಇನ್‌ಸ್ಪೆಕ್ಟರ್ ಬಂದ. ಎತ್ತರದ ಮನುಷ್ಯ, ಮಾತು ಕಡಿಮೆ. ಕೆಲಸಗಾರರ ಸಂಬಳದ ಚೆಕ್ ಬರೆಯಲು ನಾನು ಅವತ್ತು ಶೆಡ್ಡಿನ ಆಫೀಸು ಕೋಣೆಯಲ್ಲೇ ಇದ್ದೆ. ಅವನು ಮೊದಲನೇ ಮುಚ್ಚಳ ತೆಗೆದು ಟಾರ್ಚ್ ಬಿಟ್ಟ. ಒಳಗೆ ಕೆಂಪು ಕಲೆ. ಬೆರಳು ಹಾಕಿ ಒಂದು ಕೆಂಪು ಕಾಳನ್ನು ಹೊರಗೆ ತೆಗೆದು, ಬೆಳಕಿಗೆ ಹಿಡಿದು, ಇದು ಯಾವ ಹುಳುವಿನ ಮೊಟ್ಟೆ ಎಂದು ಕೇಳಿದ. ನನ್ನ ಅಕ್ಷತೆ. ಚೆಕ್ ಪುಸ್ತಕ ಮುಚ್ಚಿಟ್ಟು ಎದ್ದು ಹೊರಗೆ ಬಂದೆ.

ಎಣ್ಣೆ ಕೆಲಸದಲ್ಲೇ ತಲೆ ನರೆತ ನಮ್ಮ ಫೋರ್‌ಮನ್‌ಗೆ ಎಲ್ಲ ತಿಳಿದುಹೋಯಿತು. ಪ್ಯಾಕಿಂಗ್ ಸಾಮಾನಿನ ಕಸ ಎಂದುಬಿಡಿ ಎಂದು ಇವರ ಕಿವಿಯಲ್ಲಿ ಹೇಳಿದ. ಇವರು ಕೇಳಲಿಲ್ಲ. ಅದು ಅಕ್ಕಿ, ಅದು ಕುಂಕುಮ, ನಮ್ಮಲ್ಲಿ ವರ್ಷಕ್ಕೊಮ್ಮೆ ಉಪಕರಣಗಳಿಗೆ ಪೂಜೆ ಮಾಡುತ್ತೇವೆ, ಮಾಡಿದವಳು ನನ್ನ ಹೆಂಡತಿ ಎಂದು ಇದ್ದದ್ದನ್ನು ಇದ್ದಂತೆ ಹೇಳಿದರು. ಇನ್‌ಸ್ಪೆಕ್ಟರ್ ನಗಲೂ ಇಲ್ಲ, ರೇಗಲೂ ಇಲ್ಲ. ನಲವತ್ತನ್ನೂ ಬಿಚ್ಚಿ, ತೊಳೆದು, ಜೋಡಿಸಿ ಮತ್ತೆ ಪರೀಕ್ಷೆಗೆ ಕೊಡಬೇಕು, ಮಂಗಳವಾರ ಬರುತ್ತೇನೆ ಎಂದ. ಹೋಗುವಾಗ ಒಂದು ಫಾರ್ಮ್ ಕೊಟ್ಟ. ತಪ್ಪಿಗೆ ಕಾರಣವೇನು, ಮತ್ತೆ ಆಗದಂತೆ ಏನು ಮಾಡುತ್ತೀರಿ ಎಂದು ಅದರಲ್ಲಿ ಬರೆಯಬೇಕಿತ್ತು. ಅವತ್ತು ಗುರುವಾರ.

ಮನೆಗೆ ಹೋಗುವಾಗ ಟ್ರಕ್ಕಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ಹನ್ನೊಂದು ಮನೆಗಳ ಅನ್ನಕ್ಕೆ ನನ್ನ ಕೈಯಾರೆ ಕಲ್ಲು ಹಾಕಿದ್ದೆ. ಇನ್ನು ಶೆಡ್ಡಿನ ಹೊಸ್ತಿಲು ತುಳಿಯುವುದಿಲ್ಲ ಎಂದೆ. ಇವರು ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ.

"ನೀ ಪೂಜಾ ಮಾಡಿದ್ದು ತಪ್ಪಲ್ಲ," ಅಂದರು. "ಯಾವಾಗ ಮಾಡಬೇಕು ಅನ್ನೋದು ನಾ ನಿನಗ ಹೇಳಿರಲಿಲ್ಲ. ಅದು ನಂದ ತಪ್ಪು. ನಾಳೆ ನೀನೂ ಬಾ, ತೊಳ್ಯೋಕ ಕೈ ಬೇಕು."

ಮದುವೆಯಾದ ಇಪ್ಪತ್ತು ವರ್ಷಗಳಲ್ಲಿ ನನಗೆ ಅವರ ಮೇಲೆ ಅಷ್ಟು ಪ್ರೀತಿ ಯಾವತ್ತೂ ಬಂದಿರಲಿಲ್ಲ. ಬೆಳಗಾಗುವ ಮೊದಲೇ ಹಳೆಯ ಚೂಡಿದಾರ್ ಹಾಕಿಕೊಂಡು ಟ್ರಕ್ಕಿನಲ್ಲಿ ಕೂತಿದ್ದೆ. ಅವರು ಬಿಚ್ಚುವುದು, ನಾನು ಬ್ರಷ್ಷಿನಿಂದ ತಿಕ್ಕುವುದು, ಫೋರ್‌ಮನ್ ಜೋಡಿಸುವುದು. ಅಕ್ಕಿ ಕಾಳುಗಳು ಎಲ್ಲೆಲ್ಲಿ ಅಡಗಿದ್ದವು ಅಂತೀರಿ! ಶನಿವಾರ ಆಸ್ಟಿನ್‌ಗೆ ಹೋಗಲಾಗುವುದಿಲ್ಲವೆಂದು ಇವರು ಫೋನು ಮಾಡಿ ಮಗಳಿಗೆ ಹೇಳಿದರು. ಕಾರಣ ತಿಳಿದು ಅವಳು, ಇನ್ನೂ ಎಷ್ಟು ಉಳಿದಿವೆ ಎಂದು ಕೇಳಿದಳಂತೆ.

ಭಾನುವಾರ, ಹನ್ನೆರಡು ವರ್ಷಗಳಲ್ಲಿ ಮೊದಲ ಸಲ, ಶೆಡ್ಡಿನ ಬೀಗ ತೆಗೆದರು. ಒಂಬತ್ತು ಗಂಟೆಗೆ ಗೆಳತಿಯ ಕಾರಿನಿಂದ ನನ್ನ ಮಗಳು ಇಳಿದಳು. ಅಪ್ಪನ ಟ್ರಕ್ಕನ್ನು ಎರಡು ಬೀದಿ ಆಚೆ ನಿಲ್ಲಿಸುವಂತೆ ಮಾಡಿದ್ದ ಹುಡುಗಿ ಅಪ್ಪ ಕೆಲಸಕ್ಕೆ ತೊಡುತ್ತಿದ್ದ ಒಂದು ಹಳೆಯ ನೀಲಿ ಕವರಾಲ್ ತೊಟ್ಟು, ತೋಳು ಮಡಚಿ, ನನ್ನ ಪಕ್ಕ ಕೂತು ಉಕ್ಕು ತಿಕ್ಕಿದಳು. ಮಧ್ಯಾಹ್ನ ಎಲ್ಲರೂ ನೆಲದ ಮೇಲೆ ಕೂತು ಮಂಡಕ್ಕಿ ತಿಂದೆವು. ಸೋಮವಾರ ಸಂಜೆ ಐದಕ್ಕೆ ನಲವತ್ತನೆಯದು ಮುಗಿಯಿತು. ಆರಕ್ಕೆ ನಾವು ಮನೆಯಲ್ಲಿದ್ದೆವು.

ಮಂಗಳವಾರ ಇನ್‌ಸ್ಪೆಕ್ಟರ್ ತಾನೇ ಮೂರು ವಾಲ್ವ್ ಆರಿಸಿದ. ಒಳಗೆ ನೀರು ತುಂಬಿ ಒತ್ತಡ ಏರಿಸುತ್ತಾರೆ. ಗಡಿಯಾರದಂತೆ ತಿರುಗುವ ಕಾಗದದ ಮೇಲೆ ಒಂದು ಪೆನ್ನು ಆ ಒತ್ತಡದ ಗೆರೆ ಎಳೆಯುತ್ತದೆ. ಗೆರೆ ಕೆಳಗಿಳಿದರೆ ಸೋರಿಕೆ ಇದೆ ಎಂದರ್ಥ. ಹದಿನೈದು ನಿಮಿಷ ಸಾಕಿತ್ತು, ಅವನು ಅರ್ಧ ಗಂಟೆ ನಿಲ್ಲಿಸಿದ. ಪೆನ್ನು ಕೂದಲಷ್ಟೂ ಅಲುಗಲಿಲ್ಲ. ಮೂರಕ್ಕೆ ಮೂರೂ ಗಟ್ಟಿ. ನನಗೆ ಕುಣಿಯಬೇಕೆನಿಸಿತು.

ಆಮೇಲೆ ಅವನು ಫಾರ್ಮ್ ಕೇಳಿದ. ಮತ್ತೆ ಆಗದಂತೆ ಮಾಡುವುದೆಂದರೆ ಪೂಜೆ ನಿಲ್ಲಿಸುವುದು ಎಂದೇ ನಾನು ಅಂದುಕೊಂಡಿದ್ದೆ, ಅದಕ್ಕೆ ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಇನ್‌ಸ್ಪೆಕ್ಟರ್ ಜೋರಾಗಿ ಓದಿದ. ಕಾರಣ: ಪೂಜೆಯನ್ನು ಕೊನೆಯ ತೊಳೆತದ ನಂತರ ಮಾಡಲಾಗಿತ್ತು. ಪರಿಹಾರ: ಇನ್ನು ಮುಂದೆ ಕೊನೆಯ ತೊಳೆತಕ್ಕೆ ಮೊದಲು ಮಾಡಲಾಗುವುದು. ಜವಾಬ್ದಾರಿ ಎಂಬಲ್ಲಿ ಇವರು ಮಾಲೀಕರು ಎಂದು ಬರೆದು, ಎದುರಿಗೆ ನನ್ನ ಹೆಸರು ಹಾಕಿದ್ದರು.

ಅವನು ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡು, ಇಲ್ಲಿ ನಿಮ್ಮ ಸಹಿ ಬೇಕು ಎಂದು ಪೆನ್ನನ್ನು ನನ್ನ ಕಡೆ ಚಾಚಿದ. ನಾನು ಕನ್ನಡದಲ್ಲಿ ಸಹಿ ಹಾಕಿದೆ.

ಡಾಲಸ್‌ನವರು ವರ್ಷವಿಡೀ ಕೆಲಸ ಕೊಟ್ಟರು, ಅದರ ಮುಂದಿನ ವರ್ಷವೂ ಕೊಟ್ಟರು. ಹನ್ನೊಂದು ಜನ ಇಪ್ಪತ್ತಾರಾದರು. ಕೆಲವು ವರ್ಷಗಳ ಮೇಲೆ ಇವರಿಗೆ ಹೃದಯದ ಕಾಯಿಲೆ ಕಾಣಿಸಿಕೊಂಡಾಗ ಅದೇ ಕಂಪನಿ ಶೆಡ್ಡನ್ನು ಕೊಂಡಿತು. ಆ ವರ್ಷದ ಚಳಿಗಾಲದಲ್ಲೇ ಇವರು ತೀರಿಹೋದರು, ಮಗಳ ಕೈ ಹಿಡಿದುಕೊಂಡು. ಆ ಫಾರ್ಮಿನಲ್ಲಿ ಬರೆದದ್ದು ಶೆಡ್ಡಿನ ಕೆಲಸದ ಕ್ರಮದಲ್ಲಿ ಸೇರಿಹೋಗಿತ್ತು, ಹೊಸಬರು ಅದನ್ನು ಬದಲಿಸಲಿಲ್ಲ. ಈಗಲೂ ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಡಾಲಸ್‌ನಿಂದ ಯಾರೋ ಒಬ್ಬರು ನನಗೆ ಫೋನು ಮಾಡಿ, ಈ ಸಲ ಪೂಜೆ ಯಾವತ್ತು, ಕೊನೆಯ ತೊಳೆತವನ್ನು ಅದರ ಮರುದಿನಕ್ಕೆ ಇಟ್ಟುಕೊಳ್ಳಬೇಕು ಎಂದು ಕೇಳುತ್ತಾರೆ.