ಒಂದಿಂಚು ಹೆಚ್ಚಿಗೆ

ನಮ್ಮ ಟೈಲರ್ ಮಾವನ ಅಂಗಡಿಯಲ್ಲಿ ಪ್ರತಿ ಸೋಮವಾರ ಮೊದಲ ಅಳತೆ ಅವರ ನಾಯಿಯದು. ಹದಿಮೂರು ವರ್ಷ ತುಂಬಿದ ಅದರ ಹೊಟ್ಟೆಗೆ ಟೇಪು ಸುತ್ತಿ, "ಅರ್ಧ ಇಂಚು ಜಾಸ್ತಿ! ಯಾರ್ರೀ ಬಿಸ್ಕತ್ತು ಹಾಕಿದ್ದು?" ಎಂದು ಗಿರಾಕಿಗಳನ್ನೆಲ್ಲ ದುರುಗುಟ್ಟಿ ನೋಡುತ್ತಾರೆ. ಅದರ ಹಲ್ಲುಜ್ಜದೆ ತಾವು ಕಾಫಿ ಮುಟ್ಟುವುದಿಲ್ಲ. ಮದುಮಗನ ಕೋಟು ಅರ್ಧಕ್ಕೆ ನಿಂತರೂ ಸರಿ, ಸಂಜೆ ಐದಕ್ಕೆ ಅದರ ವಾಕಿಂಗ್ ತಪ್ಪುವಂತಿಲ್ಲ. "ನಿಮ್ಮ ಹೊಟ್ಟೆ ಯಾರು ಅಳೀಬೇಕು?" ಎಂದು ಅತ್ತೆ ಕೇಳಿದರೆ ಕೇಳಿಸದವರಂತೆ ಮಷಿನ್ ತುಳಿಯುತ್ತಾರೆ. ಮೊನ್ನೆ ಚಳಿಗೆಂದು ನಾಯಿಗೊಂದು ಅಂಗಿ ಹೊಲಿದರು. ಒಳಮೈ ತಿರುವಿ ನೋಡಿದೆ. ಬೆಳೆಯುವ ಮಕ್ಕಳ ಬಟ್ಟೆಗೆ ಬಿಡುವ ಹಾಗೆ ಹೊಲಿಗೆಯೊಳಗೆ ಒಂದಿಂಚು ಹೆಚ್ಚಿಗೆ ಮಡಚಿಟ್ಟಿದ್ದರು. "ದಪ್ಪ ಆಗಬಾರದು ಅಂತೀರಿ, ಮತ್ತೆ ಇದ್ಯಾಕೆ ಮಾವ?" ಎಂದೆ. ಕಣ್ಣೆತ್ತದೆ ನೂಲು ಕಡಿದರು: "ಮುಂದಿನ ಚಳಿಗೂ ಇದೇ ಆಗ್ಬೇಕಲ್ಲಪ್ಪಾ."